ದೇಹದ ಬೆಲೆ ಮತ್ತು ಮಾನವ ಪರಿಪೂರ್ಣತೆ: ಭೋಜದ ಆಚಾರ್ಯ ಶಾಂತಿಸಾಗರರ ಜೀವನ

ಬೆಳಗಾವಿ ಜಿಲ್ಲೆಯ ಉತ್ತರದ ಅಂಚಿನಲ್ಲಿರುವ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಹಾಗೂ ಕಾಗವಾಡ ಸೀಮೆ ಕೃಷ್ಣಾ ನದಿ ಮತ್ತು ಅದರ ಉಪನದಿಗಳ ನೀರುಂಡ ನಾಡು. ಕನ್ನಡ ಮತ್ತು ಮರಾಠಿ ಎರಡೂ ಭಾಷೆಗಳು ಒಂದೇ ಅಂಗಳದಲ್ಲಿ ಕೇಳಿಬರುವ ಈ ಪ್ರದೇಶದಲ್ಲಿ ಜೈನಧರ್ಮವು ಮುಖ್ಯವಾಗಿ ಒಕ್ಕಲುತನದವರ ಧರ್ಮವಾಗಿ ಉಳಿದುಬಂದಿದೆ. ರಟ್ಟರ ಕಾಲದ ಬಸದಿ ಮತ್ತು ಶಾಸನಗಳನ್ನುಳ್ಳ ರಾಯಬಾಗ, ಪ್ರಾಚೀನ ಬಸದಿಯ ಕಾಗವಾಡ, ನಿಪ್ಪಾಣಿ ಸಮೀಪದ ಸ್ತವನಿಧಿ ಕ್ಷೇತ್ರಗಳು ಆ ಪರಂಪರೆಯ ಹಳಮೆಯನ್ನು ಸೂಚಿಸುತ್ತವೆ. ದಕ್ಷಿಣ ಭಾರತದ ಜೈನರ ಆಧುನಿಕ ಸಂಘಟನೆಗೆ 1899ರಲ್ಲಿ ಚಾಲನೆ ದೊರೆತದ್ದು ಇದೇ ಸ್ತವನಿಧಿಯಲ್ಲಿ. ಇದೇ ಸೀಮೆಯ ಅಥಣಿಯಲ್ಲಿ ಗಚ್ಚಿನಮಠದ ಮುರುಘೇಂದ್ರ ಶಿವಯೋಗಿಗಳು (1836–1921) ಶರಣ ಪರಂಪರೆಯ ಶಿವಯೋಗವನ್ನು ಆಚರಿಸಿ ತೋರಿದರು. ಹೀಗೆ ದೇಹವನ್ನು ದೇವಾಲಯವೆಂದು ಭಾವಿಸುವ ಒಂದು ದರ್ಶನವೂ, ದೇಹವನ್ನು ಆತ್ಮಕ್ಕೆ ಅಂಟಿದ ಪುದ್ಗಲವೆಂದು ಪರಿಗಣಿಸುವ ಮತ್ತೊಂದು ದರ್ಶನವೂ ಒಂದೇ ನೆಲದಲ್ಲಿ, ಒಂದೇ ಕಾಲದಲ್ಲಿ ಜೀವಂತವಾಗಿದ್ದವು.

ಈ ಎರಡನೆಯ ದರ್ಶನಕ್ಕೆ ಇಪ್ಪತ್ತನೆಯ ಶತಮಾನದಲ್ಲಿ ಪ್ರತ್ಯಕ್ಷ ರೂಪ ನೀಡಿದವರಲ್ಲಿ ಆಚಾರ್ಯ ಶಾಂತಿಸಾಗರರು (1872–1955) ಅಗ್ರಗಣ್ಯರು. ದಿಗಂಬರ ಮುನಿಧರ್ಮದ ಪುನರುಜ್ಜೀವಕರೆಂದು ಅವರು ಪ್ರಸಿದ್ಧರು. ಆದರೆ ಅವರ ಬದುಕನ್ನು ಕೇವಲ ಪವಾಡ ಮತ್ತು ತಪಸ್ಸುಗಳ ಸರಮಾಲೆಯಾಗಿ ಓದುವುದರಿಂದ ಅದರ ತಾತ್ತ್ವಿಕ ತಿರುಳು ಮರೆಯಾಗುತ್ತದೆ. ಪರಿಪೂರ್ಣತೆಯನ್ನು ಅರಸುವ ಮನುಷ್ಯನಿಗೆ ದೇಹದ ಬೆಲೆ ಏನು? ಈ ದೇಹದಿಂದ ಈ ಕಾಲದಲ್ಲಿ ಪರಿಪೂರ್ಣತೆ ದೊರೆಯದೆಂದು ಶಾಸ್ತ್ರವೇ ಹೇಳಿರುವಾಗ ಸಾಧನೆಗೆ ಏನರ್ಥ? ಶಾಂತಿಸಾಗರರ ಎಂಬತ್ತಮೂರು ವರ್ಷಗಳ ಜೀವನ ಈ ಎರಡು ಪ್ರಶ್ನೆಗಳಿಗೆ ಆಚರಣೆಯ ಮೂಲಕ ನೀಡಿದ ಉತ್ತರವಾಗಿದೆ.

1. ಭೋಜದ ಸಾತಗೌಡರು

ದೂಧಗಂಗಾ ಮತ್ತು ವೇದಗಂಗಾ ನದಿಗಳ ಸಂಗಮದ ಸಮೀಪವಿರುವ ಭೋಜ ಗ್ರಾಮವು ಅಂದು ಚಿಕ್ಕೋಡಿ ತಾಲೂಕಿಗೆ ಸೇರಿತ್ತು. ಇಂದು ನಿಪ್ಪಾಣಿ ತಾಲೂಕಿನಲ್ಲಿದೆ. ಅಲ್ಲಿನ ಪಾಟೀಲ ಮನೆತನದ ಭೀಮಗೌಡ ಮತ್ತು ಸತ್ಯವತಿ ದಂಪತಿಗಳ ಮಗನಾಗಿ ಸಾತಗೌಡರು 1872ರಲ್ಲಿ ತಾಯಿಯ ತವರೂರಾದ ಯಳಗುಡದಲ್ಲಿ ಜನಿಸಿದರು. ಆ ಕಾಲದ ರೂಢಿಯಂತೆ ಒಂಬತ್ತನೆಯ ವಯಸ್ಸಿನಲ್ಲಿಯೇ ಅವರ ವಿವಾಹವಾಯಿತು. ಕೆಲವೇ ತಿಂಗಳುಗಳಲ್ಲಿ ಆ ಬಾಲವಧು ತೀರಿಕೊಂಡಳು. ಮರುಮದುವೆಯ ಮಾತನ್ನು ಅವರು ಒಪ್ಪಲಿಲ್ಲ. ಹದಿನೆಂಟರ ಹೊತ್ತಿಗೆ ಬ್ರಹ್ಮಚರ್ಯದ ನಿರ್ಧಾರ ದೃಢವಾಗಿತ್ತು.

ಮುನಿಗಳ ಚರಿತ್ರೆಯಲ್ಲಿ ಬಾಲ್ಯವೆಂಬುದು ಸಾಮಾನ್ಯವಾಗಿ ವೈರಾಗ್ಯದ ಮುನ್ಸೂಚನೆಯಾಗಿ ಬರುತ್ತದೆ. ಸಾತಗೌಡರ ವಿಷಯದಲ್ಲಿ ವೈರಾಗ್ಯದಷ್ಟೇ ಎದ್ದು ಕಾಣುವ ಅಂಶ ದೇಹಬಲ. ಬಾವಿಯ ಕಪಿಲೆಯನ್ನು ಎತ್ತುಗಳ ಬದಲು ತಾವೇ ಎಳೆಯಬಲ್ಲವರಾಗಿದ್ದರೆಂಬ ನೆನಪನ್ನು ಭೋಜದ ಹಿರಿಯರಿಂದ ಕೇಳಿ ಚರಿತ್ರಕಾರರು ದಾಖಲಿಸಿದ್ದಾರೆ. ಆದಿಸಾಗರರೆಂಬ ಮುನಿಗಳು ಊರಿಗೆ ಬಂದಾಗ ಅವರನ್ನು ಹೆಗಲ ಮೇಲೆ ಹೊತ್ತು ನದಿಯನ್ನು ದಾಟಿಸುತ್ತಿದ್ದರೆಂಬ ಸಂಗತಿಯೂ ಇದೇ ಬಗೆಯದು. ಹೊಲಕ್ಕೆ ಬಂದ ಹಕ್ಕಿಗಳನ್ನು ಓಡಿಸದೆ ಅವುಗಳಿಗೆ ಕುಡಿಯುವ ನೀರನ್ನೂ ಇರಿಸುತ್ತಿದ್ದರೆಂದು ಹೇಳಲಾಗುತ್ತದೆ. ಈ ಪ್ರಸಂಗಗಳಲ್ಲಿ ಭಕ್ತಿಯ ಬಣ್ಣ ಇರುವುದು ಸಹಜ. ಆದರೂ ಅವೆಲ್ಲವನ್ನೂ ಒಂದು ಸೂತ್ರ ಬಂಧಿಸುತ್ತದೆ: ರೈತನ ಗಟ್ಟಿಮುಟ್ಟಾದ ಮೈ ಇಲ್ಲಿ ಹೆಮ್ಮೆಯ ವಸ್ತುವಾಗದೆ ಮತ್ತೊಬ್ಬರ ಹೊರೆಯನ್ನು ಹೊರುವುದಕ್ಕಾಗಿ ಬಳಕೆಯಾಗುತ್ತದೆ. ಮುಂದೆ ನಾಲ್ಕು ದಶಕಗಳ ಕಾಲ ಉಪವಾಸ ಮತ್ತು ಕಾಲ್ನಡಿಗೆಗಳನ್ನು ತಾಳಿಕೊಂಡದ್ದು ಈ ಒಕ್ಕಲುತನದ ದೇಹವೇ ಎಂಬುದನ್ನು ಮರೆಯುವಂತಿಲ್ಲ.

ಯೌವನದಲ್ಲಿಯೇ ದೀಕ್ಷೆಯ ಅಪೇಕ್ಷೆ ಇದ್ದರೂ ತಂದೆತಾಯಿಗಳು ತಾವು ಬದುಕಿರುವವರೆಗೆ ಮನೆ ಬಿಡಬಾರದೆಂದು ಕೇಳಿಕೊಂಡರು. ಸಾತಗೌಡರು ಒಪ್ಪಿದರು. ಮನೆತನದ ಬಟ್ಟೆ ಅಂಗಡಿಯಲ್ಲಿ ಕುಳಿತರು, ಶಾಸ್ತ್ರಗಳನ್ನು ಓದಿಸಿ ಕೇಳಿದರು, ತೀರ್ಥಯಾತ್ರೆ ಮಾಡಿದರು, ಊಟದಲ್ಲಿ ಒಂದೊಂದೇ ರುಚಿಯನ್ನು ತ್ಯಜಿಸುತ್ತ ಬಂದರು. 1912ರ ಹೊತ್ತಿಗೆ ತಂದೆತಾಯಿಗಳಿಬ್ಬರೂ ತೀರಿಕೊಂಡಿದ್ದರು. ಆಗ ಅವರಿಗೆ ನಲವತ್ತು ವರ್ಷ. ವೈರಾಗ್ಯವು ಕೌಟುಂಬಿಕ ಋಣವನ್ನು ದಾಟಿ ಓಡಿಹೋಗದೆ ಅದನ್ನು ತೀರಿಸಿ ಹೊರಟದ್ದು ಅವರ ಸ್ವಭಾವದ ಒಂದು ಮುಖ್ಯ ಲಕ್ಷಣವನ್ನು ಸೂಚಿಸುತ್ತದೆ. ಕ್ರಮವನ್ನು ತಪ್ಪದಿರುವುದು ಅವರಿಗೆ ಎಂದಿಗೂ ಗುರಿಯಷ್ಟೇ ಮುಖ್ಯವಾಗಿತ್ತು.

2. ದೀಕ್ಷೆ ಮತ್ತು ದೇಹದ ಶಾಸ್ತ್ರ

1910ರ ದಶಕದ ನಡುಭಾಗದಲ್ಲಿ ಸಾತಗೌಡರು ಕ್ಷುಲ್ಲಕ ದೀಕ್ಷೆಯನ್ನು ಪಡೆದರು. ಬಳಿಕ ಗಿರನಾರ ಯಾತ್ರೆಯ ಸಂದರ್ಭದಲ್ಲಿ ಐಲಕ ವ್ರತವನ್ನು ಸ್ವೀಕರಿಸಿ, 1920ರಲ್ಲಿ ಬೆಳಗಾವಿ ಜಿಲ್ಲೆಯ ಯರನಾಳದಲ್ಲಿ ನಿರ್ಗ್ರಂಥ ಮುನಿಗಳಾದರು. ಆಗ ಅವರ ವಯಸ್ಸು ನಲವತ್ತೆಂಟು. 1924ರಲ್ಲಿ ಸಾಂಗಲಿ ಸಮೀಪದ ಸಮಡೋಳಿಯಲ್ಲಿ ಸಂಘವು ಅವರಿಗೆ ಆಚಾರ್ಯ ಪದವಿಯನ್ನು ನೀಡಿತು.

ಅವರು ಸ್ವೀಕರಿಸಿದ ಮುನಿಧರ್ಮದ ಸ್ವರೂಪವನ್ನು ಅರಿಯಲು ಜೈನ ದರ್ಶನವು ದೇಹವನ್ನು ಕಾಣುವ ಬಗೆಯನ್ನು ಗಮನಿಸಬೇಕಾಗುತ್ತದೆ. ಜೈನ ತತ್ತ್ವದಂತೆ ಸಂಸಾರಿ ಜೀವಕ್ಕೆ ಔದಾರಿಕ, ವೈಕ್ರಿಯಿಕ, ಆಹಾರಕ, ತೈಜಸ, ಕಾರ್ಮಣ ಎಂಬ ಐದು ಬಗೆಯ ಶರೀರಗಳುಂಟು. ಇವುಗಳಲ್ಲಿ ಅತಿ ಸ್ಥೂಲವಾದುದು ಮನುಷ್ಯ ಮತ್ತು ತಿರ್ಯಂಚ ಜೀವಿಗಳ ಔದಾರಿಕ ಶರೀರ. ಅದು ಹಸಿಯುತ್ತದೆ, ನೋಯುತ್ತದೆ, ಮುಪ್ಪಾಗುತ್ತದೆ, ಕೊಳೆಯುತ್ತದೆ. ದೇವತೆಗಳ ವೈಕ್ರಿಯಿಕ ಶರೀರಕ್ಕೆ ಈ ಕ್ಲೇಶಗಳಿಲ್ಲ. ಆದರೆ ಮಹಾವ್ರತಗಳನ್ನು ಪಾಲಿಸುವ ಶಕ್ತಿ ದೇವತೆಗಳಿಗಿಲ್ಲ. ಮೋಕ್ಷವು ಮನುಷ್ಯ ಜನ್ಮದಿಂದ ಮಾತ್ರ ಸಾಧ್ಯ. ಹೀಗೆ ಜೈನ ದರ್ಶನವು ಏಕಕಾಲದಲ್ಲಿ ಎರಡು ಮಾತುಗಳನ್ನಾಡುತ್ತದೆ. ದೇಹವು ಆತ್ಮದಿಂದ ಬೇರೆಯಾದ ಅಶುಚಿ ಪದಾರ್ಥ. ಆದರೂ ಆ ಅಶುಚಿ ಪದಾರ್ಥವೇ ಪರಿಪೂರ್ಣತೆಯ ಏಕೈಕ ದ್ವಾರ. ನೋಯಲು ಬಾರದ ದೇಹಕ್ಕೆ ಸಂಯಮವೂ ಬಾರದೆಂಬುದು ಈ ನಿಲುವಿನ ಒಳಗಿರುವ ಮರ್ಮ.

ಪರಿಪೂರ್ಣತೆಯ ಕಲ್ಪನೆಯಲ್ಲಿಯೂ ದೇಹದ ನೆರಳು ಉಳಿದಿದೆ. ಎಲ್ಲ ಕರ್ಮಗಳನ್ನು ಕಳೆದುಕೊಂಡ ಸಿದ್ಧಾತ್ಮನು ಅಶರೀರಿ. ಆದರೆ ಅವನ ಆತ್ಮಪ್ರದೇಶಗಳು ಆತನ ಕೊನೆಯ ಮಾನವ ಶರೀರದ ಆಕಾರದಲ್ಲಿಯೇ, ಅದಕ್ಕಿಂತ ಕಿಂಚಿತ್ ಕಡಿಮೆಯಾಗಿ, ಲೋಕಾಗ್ರದಲ್ಲಿ ನಿಲ್ಲುತ್ತವೆ ಎಂದು ಶಾಸ್ತ್ರ ಹೇಳುತ್ತದೆ. ಮನುಷ್ಯಾಕಾರವು ಇಲ್ಲಿ ಕಳಚಿ ಎಸೆದ ಅಂಗಿಯಾಗದೆ ಪೂರ್ಣತೆಯ ಅಚ್ಚಾಗಿ ಉಳಿಯುತ್ತದೆ. ಜಿನಬಿಂಬಗಳು ನಗ್ನ ಮಾನವ ದೇಹದ ರೂಪದಲ್ಲಿಯೇ ಏಕಿವೆ ಎಂಬುದಕ್ಕೂ ಇದು ಒಂದು ವಿವರಣೆಯಾಗಬಲ್ಲದು.

ಇದರೊಂದಿಗೆ ಒಂದು ಕಠಿಣ ನಿರ್ಬಂಧವೂ ಇದೆ. ಮೋಕ್ಷಕ್ಕೆ ವಜ್ರವೃಷಭನಾರಾಚವೆಂಬ ಅತ್ಯುತ್ತಮ ಅಸ್ಥಿಬಂಧವುಳ್ಳ ಶರೀರ ಬೇಕು. ಪ್ರಸ್ತುತ ನಡೆಯುತ್ತಿರುವ ಪಂಚಮಕಾಲದಲ್ಲಿ ಭರತಕ್ಷೇತ್ರದ ಮನುಷ್ಯರಿಗೆ ಅಂಥ ಶರೀರ ದೊರೆಯುವುದಿಲ್ಲ. ಆದುದರಿಂದ ಇಂದು ಇಲ್ಲಿ ಹುಟ್ಟಿದ ಯಾರೂ ಇದೇ ಜನ್ಮದಲ್ಲಿ ಸಿದ್ಧರಾಗಲಾರರು. ಹದಿನಾಲ್ಕು ಗುಣಸ್ಥಾನಗಳಲ್ಲಿ ಏಳನೆಯದು ಈ ಕಾಲದ ಮುನಿಗೆ ಎಟುಕುವ ಎಲ್ಲೆ. ಶಾಂತಿಸಾಗರರು ಈ ಶಾಸ್ತ್ರವನ್ನು ಸಂಪೂರ್ಣವಾಗಿ ನಂಬಿದ್ದರು. ಮಿಗಿಲಾದ ಮೂಳೆಕಟ್ಟು ತಮಗಿಲ್ಲವೆಂದು ಬಲ್ಲ ವ್ಯಕ್ತಿ, ಫಲ ಈ ಜನ್ಮದಲ್ಲಿ ಕೈಗೂಡದೆಂದು ತಿಳಿದೂ, ಆ ಮಾರ್ಗದ ಅತ್ಯಂತ ಕಠಿಣ ರೂಪವನ್ನು ಆರಿಸಿಕೊಂಡದ್ದು ಅವರ ಜೀವನದ ಕೇಂದ್ರ ಸಂಗತಿ. ಪೂರ್ಣತೆಯು ಹೀಗೆ ದೂರ ಸರಿದಾಗ ಸಾಧಕನ ಕೈಯಲ್ಲಿ ಉಳಿಯುವುದು ಇಂದಿನ ದಿನದ ಆಚರಣೆಯ ನಿರ್ದೋಷತೆ ಮಾತ್ರ.

3. ಆಚರಣೆಯ ಶುದ್ಧಿ

ದಿಗಂಬರ ಮುನಿಗೆ ಇಪ್ಪತ್ತೆಂಟು ಮೂಲಗುಣಗಳು ವಿಧಿತವಾಗಿವೆ: ಐದು ಮಹಾವ್ರತಗಳು, ಐದು ಸಮಿತಿಗಳು, ಐದು ಇಂದ್ರಿಯಗಳ ನಿಗ್ರಹ, ಆರು ಆವಶ್ಯಕಗಳು ಮತ್ತು ಉಳಿದ ಏಳು ನಿಯಮಗಳು. ಈ ಕೊನೆಯ ಏಳೂ ನೇರವಾಗಿ ದೇಹಕ್ಕೆ ಸಂಬಂಧಿಸಿವೆ. ಕೇಶಲೋಚ, ನಗ್ನತೆ, ಸ್ನಾನ ಮಾಡದಿರುವುದು, ನೆಲದ ಮೇಲೆ ಮಲಗುವುದು, ಹಲ್ಲುಜ್ಜದಿರುವುದು, ನಿಂತು ಉಣ್ಣುವುದು, ದಿನಕ್ಕೆ ಒಮ್ಮೆ ಮಾತ್ರ ಉಣ್ಣುವುದು. ಮುನಿಗೆ ಪಾತ್ರೆಯಿಲ್ಲ, ಅಂಗೈಗಳೇ ಪಾತ್ರೆ. ಅಡುಗೆಯನ್ನು ಆತನಿಗಾಗಿಯೇ ಮಾಡಿರಬಾರದು. ಅನ್ನದಲ್ಲಿ ಕೂದಲೋ ಹುಳುವೋ ಕಂಡರೆ ಅಂತರಾಯವೆಂದು ಅಂದಿನ ಊಟ ಅಲ್ಲಿಗೇ ಮುಗಿಯುತ್ತದೆ.

ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಈ ನಿಯಮಗಳು ಗ್ರಂಥಗಳಲ್ಲಿದ್ದರೂ ಆಚರಣೆಯಲ್ಲಿ ಸಡಿಲಗೊಂಡಿದ್ದವು. ಮುನಿಗಳ ಸಂಖ್ಯೆ ಬೆರಳೆಣಿಕೆಯಷ್ಟಿತ್ತು. ಊರೊಳಗೆ ಬರುವಾಗ ಬಟ್ಟೆ ಸುತ್ತಿಕೊಳ್ಳುವ, ಬಸದಿಯ ಉಪಾಧ್ಯೆಯವರು ಮೊದಲೇ ಗೊತ್ತುಮಾಡಿದ ಮನೆಯಲ್ಲಿ ಆಹಾರ ಸ್ವೀಕರಿಸುವ ರೂಢಿ ಬೆಳೆದಿತ್ತು. ಶಾಂತಿಸಾಗರರು ಕ್ಷುಲ್ಲಕರಾಗಿದ್ದಾಗಲೇ ಈ ಏರ್ಪಾಟನ್ನು ಒಪ್ಪದೆ ಶಾಸ್ತ್ರೋಕ್ತವಾಗಿ ಆಹಾರಕ್ಕೆ ಹೊರಟರು. ಶ್ರಾವಕರಿಗೆ ಆ ವಿಧಿಯೇ ಮರೆತುಹೋಗಿದ್ದರಿಂದ ಹಲವು ದಿನ ಉಪವಾಸವೇ ಗತಿಯಾಯಿತು; ಉಪಾಧ್ಯೆಯವರ ಅಸಮಾಧಾನವನ್ನೂ ಎದುರಿಸಬೇಕಾಯಿತು. ಕ್ರಮೇಣ ಜನ ವಿಧಿಯನ್ನು ಕಲಿತರು. ದಕ್ಷಿಣದ ದಿಗಂಬರ ಮುನಿಗಳನ್ನು ಕುರಿತು 1989ರಲ್ಲಿ ಬರೆದ ಮಾನವಶಾಸ್ತ್ರಜ್ಞ ಮೈಕೆಲ್ ಕ್ಯಾರಿದರ್ಸ್ ಈ ಬದಲಾವಣೆಗೆ ವಿಶೇಷ ಮಹತ್ವ ನೀಡಿದ್ದಾರೆ. ಹಸಿದ ದೇಹವೊಂದು ಮನೆಯ ಮುಂದೆ ಮೌನವಾಗಿ ನಿಂತು ಸಮುದಾಯಕ್ಕೆ ಶಾಸ್ತ್ರವನ್ನು ಕಲಿಸಿತೆಂಬುದು ಇಲ್ಲಿ ಗಮನಾರ್ಹ. ಶಾಲೆಯ ಓದು ಹೆಚ್ಚಾಗಿರದಿದ್ದ ಶಾಂತಿಸಾಗರರ ಪಾಲಿಗೆ ದೇಹವೇ ಬೋಧನೆಯ ಭಾಷೆಯಾಗಿತ್ತು. ಇದೇ ಕಟ್ಟುನಿಟ್ಟಿನಿಂದ ಅವರು ಶ್ರಾವಕರ ಮನೆಗಳಲ್ಲಿ ಬೇರೂರಿದ್ದ ಅನ್ಯ ದೈವಗಳ ಆರಾಧನೆಯನ್ನೂ ಬಿಡಿಸಿದರು.

ಅವರ ಉಪವಾಸಗಳ ಲೆಕ್ಕವನ್ನು ಭಕ್ತರು ಎಚ್ಚರದಿಂದ ಇಟ್ಟಿದ್ದಾರೆ. ಮುನಿಜೀವನದ ಸುಮಾರು 35 ವರ್ಷಗಳಲ್ಲಿ ನಿರಾಹಾರದ ದಿನಗಳು 9938 ಎಂಬುದು ಪರಂಪರೆಯಲ್ಲಿ ಪ್ರಚಲಿತವಾಗಿರುವ ಸಂಖ್ಯೆ. ಆ ಲೆಕ್ಕದಂತೆ ಉಂಡ ದಿನಗಳಿಗಿಂತ ಉಣ್ಣದ ದಿನಗಳೇ ಹೆಚ್ಚು. ಗೋಕಾಕ ತಾಲೂಕಿನ ಕೊಣ್ಣೂರಿನ ಗುಹೆಯಲ್ಲಿ ಧ್ಯಾನಸ್ಥರಾಗಿದ್ದಾಗ ಸರ್ಪವೊಂದು ಮೈಗೆ ಸುತ್ತಿಕೊಂಡರೂ ಅಲುಗಲಿಲ್ಲವೆಂದೂ, ಬಸದಿಯಲ್ಲಿ ರಾತ್ರಿಯಿಡೀ ಇರುವೆಗಳು ಕಚ್ಚಿದರೂ ಕುಳಿತೇ ಇದ್ದರೆಂದೂ ಹೇಳುವ ಕಥನಗಳು ಇದೇ ಸಾಲಿಗೆ ಸೇರುತ್ತವೆ. ಇಂಥ ಕಥನಗಳಿಗೆ ಕನ್ನಡದಲ್ಲಿ ಸಾವಿರ ವರ್ಷಗಳ ಪೂರ್ವಮಾದರಿಯಿದೆ. ಹತ್ತನೆಯ ಶತಮಾನದ ವಡ್ಡಾರಾಧನೆಯ ಹತ್ತೊಂಬತ್ತು ಕಥೆಗಳೂ ಉಪಸರ್ಗವನ್ನು ಸಹಿಸಿ ದೇಹವನ್ನು ನೀಗಿದ ಮಹಾಪುರುಷರ ಕಥೆಗಳು. ಹಾಸಿಗೆಯಲ್ಲಿ ಬಿದ್ದ ಸಾಸಿವೆಯ ಕಾಳನ್ನೂ ತಾಳಲಾರದ ಸುಕುಮಾರಸ್ವಾಮಿಯ ಮೈ ಕೊನೆಗೆ ನರಿಯ ಹಲ್ಲನ್ನು ತಾಳುತ್ತದೆ. ದೇಹದ ಬೆಲೆ ಅದರ ಸುಖದಲ್ಲಿಲ್ಲ, ಅದು ತಾಳುವುದರಲ್ಲಿದೆ ಎಂಬ ಆ ಕಥೆಗಳ ತರ್ಕವೇ ಭೋಜದ ಪಾಟೀಲರ ಮಗನ ಚರಿತ್ರೆಯನ್ನು ಬರೆದವರ ಕೈಯನ್ನೂ ನಡೆಸಿದೆ.

ಅಥಣಿಯ ಶಿವಯೋಗದೊಂದಿಗೆ ಹೋಲಿಸಿದಾಗ ಈ ನಿಲುವಿನ ವೈಶಿಷ್ಟ್ಯ ಸ್ಪಷ್ಟವಾಗುತ್ತದೆ. ಶರಣ ಪರಂಪರೆಯಲ್ಲಿ ಇಷ್ಟಲಿಂಗವು ಅಂಗದ ಮೇಲೆ ನೆಲೆಸುವುದರಿಂದ ಅಂಗವೇ ಪವಿತ್ರವಾಗುತ್ತದೆ, ಕಾಯವು ಪ್ರಸಾದಕಾಯವಾಗುತ್ತದೆ. ಶಾಂತಿಸಾಗರರ ಮಾರ್ಗದಲ್ಲಿ ದೇಹ ಎಂದಿಗೂ ಪವಿತ್ರವಾಗುವುದಿಲ್ಲ. ಅದು ಒಕ್ಕಲಿಗನ ನೇಗಿಲಿನಂತೆ ಒಂದು ಉಪಕರಣ. ನೇಗಿಲನ್ನು ಯಾರೂ ಪೋಷಿಸುವುದಿಲ್ಲ, ಸುಮ್ಮನೆ ಮುರಿಯುವುದೂ ಇಲ್ಲ, ಉಳುವವರೆಗೆ ಸುಸ್ಥಿತಿಯಲ್ಲಿಡುತ್ತಾರೆ. ದಿನಕ್ಕೊಮ್ಮೆಯ ಆಹಾರವನ್ನು ಮುನಿಧರ್ಮವು ಸಮ್ಮತಿಸುವುದು ಈ ದೃಷ್ಟಿಯಿಂದಲೇ. ದೇಹವನ್ನು ಕಾರಣವಿಲ್ಲದೆ ಕೊಲ್ಲುವುದು ಅಲ್ಲಿ ಹಿಂಸೆ. ಅದನ್ನು ಮೋಹದಿಂದ ಸಾಕುವುದು ಬಂಧನ.

4. ವಿಹಾರ: ನಗ್ನ ದೇಹ ಮತ್ತು ಸಾರ್ವಜನಿಕ ಲೋಕ

1927ರ ಕೊನೆಯಲ್ಲಿ ಆಚಾರ್ಯರು ಸಂಘಸಮೇತರಾಗಿ ಉತ್ತರಾಭಿಮುಖವಾಗಿ ಹೊರಟು 1928ರಲ್ಲಿ ಸಮ್ಮೇದ ಶಿಖರಜಿಯನ್ನು ತಲುಪಿದರು. ಅನಂತರ ಮಧ್ಯ ಭಾರತ, ದಿಲ್ಲಿ, ರಾಜಸ್ಥಾನಗಳಲ್ಲಿ ಹಲವು ವರ್ಷ ವಿಹಾರ ನಡೆಯಿತು. ಉತ್ತರದ ಬಹುಪಾಲು ಶ್ರಾವಕರು ಅಲ್ಲಿಯವರೆಗೆ ದಿಗಂಬರ ಮುನಿಯನ್ನು ಶಾಸ್ತ್ರದಲ್ಲಿ ಓದಿದ್ದರೇ ಹೊರತು ಕಣ್ಣಾರೆ ಕಂಡಿರಲಿಲ್ಲ. ಕೃಷ್ಣಾ ತೀರದ ಹಳ್ಳಿಗಳಲ್ಲಿ ಕ್ಷೀಣವಾಗಿಯಾದರೂ ಉಳಿದಿದ್ದ ಮುನಿಧರ್ಮವು ಹೀಗೆ ಕಾಲ್ನಡಿಗೆಯಲ್ಲಿ ಉತ್ತರಕ್ಕೆ ಮರಳಿತು.

ನಗ್ನ ಮುನಿಯ ಸಂಚಾರಕ್ಕೆ ಕೆಲವೆಡೆ ಆಡಳಿತದ ಅಡ್ಡಿಗಳಿದ್ದವು. ಆಚಾರ್ಯರು ಇದನ್ನು ಧರ್ಮದ ಪ್ರಶ್ನೆಯಾಗಿ ಕಂಡು ವಿರೋಧಿಸಿದರು. 1930ರ ದಶಕದ ಆರಂಭದಲ್ಲಿ ದಿಲ್ಲಿಯಲ್ಲಿದ್ದಾಗ ಅಲ್ಲಿನ ಪ್ರಮುಖ ಕಟ್ಟಡಗಳ ಮುಂದೆ ನಿಂತು ಭಾವಚಿತ್ರ ತೆಗೆಯಲು ಅವಕಾಶ ನೀಡಿದರೆಂದು ಅವರ ಚರಿತ್ರೆಯಲ್ಲಿ ಉಲ್ಲೇಖವಿದೆ. ಪ್ರಚಾರವನ್ನು ಬಯಸದ ಮುನಿ ಭಾವಚಿತ್ರಕ್ಕೆ ನಿಂತದ್ದು ಮುಂದಿನ ಮುನಿಗಳ ನಿರ್ಬಾಧ ಸಂಚಾರಕ್ಕೆ ಸಾಕ್ಷಿಯಿರಲೆಂಬ ಕಾರಣದಿಂದ. ವಸ್ತ್ರವೆಂಬುದು ಪರಿಗ್ರಹದ ಕೊನೆಯ ಎಳೆ. ಅದನ್ನು ಕಳಚಿದ ದೇಹದಲ್ಲಿ ಲಜ್ಜೆಗೂ ಆಕರ್ಷಣೆಗೂ ಎಡೆಯಿಲ್ಲವೆಂಬುದು ದಿಗಂಬರ ನಿಲುವು. ವಸಾಹತು ಕಾಲದ ಸಭ್ಯತೆಯ ಅಳತೆಗೋಲಿನ ಮುಂದೆ ಆ ನಿಲುವನ್ನು ಅವರು ವಾದದಿಂದಲ್ಲ, ನಡೆದು ತೋರಿಸಿ ಸಮರ್ಥಿಸಿದರು. 1930ರ ದಶಕದಲ್ಲಿ ಗಜಪಂಥ ಕ್ಷೇತ್ರದಲ್ಲಿ ಸಮಾಜವು ಅವರನ್ನು ಚಾರಿತ್ರ ಚಕ್ರವರ್ತಿ ಎಂದು ಕರೆಯಿತು. ಜ್ಞಾನಕ್ಕೂ ವಾಕ್ಚಾತುರ್ಯಕ್ಕೂ ಸಲ್ಲದ ಈ ಬಿರುದು ಚಾರಿತ್ರಕ್ಕೆ, ಎಂದರೆ ನಡತೆಗೆ ಸಂದದ್ದೆಂಬುದು ಅರ್ಥಪೂರ್ಣವಾಗಿದೆ.

5. ಯಾರ ದೇಹ? ಒಂದು ವಿವಾದ

ಶಾಂತಿಸಾಗರರ ಜೀವನದಲ್ಲಿ ವಿಮರ್ಶೆಯ ಕಣ್ಣಿನಿಂದ ನೋಡಬೇಕಾದ ಅಧ್ಯಾಯವೆಂದರೆ ದೇವಾಲಯ ಪ್ರವೇಶದ ವಿವಾದ. 1947ರ ಮುಂಬಯಿ ಹರಿಜನ ದೇವಾಲಯ ಪ್ರವೇಶ ಕಾಯಿದೆಯು ಹಿಂದೂ ಎಂಬ ಪದದ ವ್ಯಾಪ್ತಿಯಲ್ಲಿ ಜೈನರನ್ನೂ ಸೇರಿಸಿತ್ತು. ಇದರಿಂದ ಜೈನ ಬಸದಿಗಳಿಗೂ ಕಾಯಿದೆ ಅನ್ವಯಿಸುವಂತಾಯಿತು. ಜೈನಧರ್ಮವು ಸ್ವತಂತ್ರ ಧರ್ಮವಾಗಿದ್ದು ಅದರ ಮಂದಿರಗಳನ್ನು ಬೇರೊಂದು ಧರ್ಮದ ಕಾಯಿದೆಯಡಿ ತರಲಾಗದೆಂಬುದು ಆಚಾರ್ಯರ ನಿಲುವು. 1948ರಿಂದ ಅವರು ಧಾನ್ಯಾಹಾರವನ್ನು ತ್ಯಜಿಸಿದರು. ಸೊಲ್ಲಾಪುರ ಜಿಲ್ಲೆಯ ಅಕಲೂಜ ಬಸದಿಗೆ ಸಂಬಂಧಿಸಿದ ಪ್ರಕರಣದಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು 1951ರ ಜುಲೈ 24ರಂದು ತೀರ್ಪು ನೀಡಿತು. ಹಿಂದೂಗಳಿಗೇ ಪೂಜೆಯ ಕಾನೂನುಬದ್ಧ ಹಕ್ಕಿಲ್ಲದ ಜೈನ ಮಂದಿರದಲ್ಲಿ ಕಾಯಿದೆಯು ಹರಿಜನರಿಗೆ ಹೊಸ ಹಕ್ಕನ್ನು ಸೃಷ್ಟಿಸುವುದಿಲ್ಲವೆಂಬುದು ಅದರ ಸಾರ. ಸುಮಾರು ಮೂರು ವರ್ಷಗಳ ತರುವಾಯ ಆಗಸ್ಟ್ ತಿಂಗಳಲ್ಲಿ ಆಚಾರ್ಯರು ಮತ್ತೆ ಧಾನ್ಯವನ್ನು ಸ್ವೀಕರಿಸಿದರು.

ಜೈನರ ಸ್ವತಂತ್ರ ಅಸ್ತಿತ್ವದ ದೃಷ್ಟಿಯಿಂದ ಈ ಹೋರಾಟಕ್ಕೆ ಮಹತ್ವವಿದೆ. ಆದರೆ ಅದೇ ಹೋರಾಟದ ಇನ್ನೊಂದು ಫಲವೆಂದರೆ ಶತಮಾನಗಳಿಂದ ಬಾಗಿಲ ಹೊರಗೆ ನಿಂತ ಜನರ ಪಾಲಿಗೆ ಬಾಗಿಲು ಮುಚ್ಚಿಯೇ ಉಳಿದದ್ದು. ಮನುಷ್ಯಜನ್ಮವೇ ಮೋಕ್ಷದ ದ್ವಾರವೆಂದು ಸಾರುವ ದರ್ಶನವು ಕೆಲವು ಮನುಷ್ಯರ ಸ್ಪರ್ಶ ಮತ್ತು ಪ್ರವೇಶದ ಪ್ರಶ್ನೆ ಬಂದಾಗ ಲೋಕರೂಢಿಯ ಶುದ್ಧಾಶುದ್ಧಗಳ ಜೊತೆ ನಿಂತಂತೆ ಕಂಡದ್ದು ಒಂದು ತಾತ್ತ್ವಿಕ ಬಿಕ್ಕಟ್ಟು. ಸ್ತ್ರೀದೇಹದಿಂದ ನೇರವಾಗಿ ಮೋಕ್ಷವಿಲ್ಲವೆಂಬ ದಿಗಂಬರ ಸಿದ್ಧಾಂತವೂ ಇಂಥದೇ ಪ್ರಶ್ನೆಯನ್ನು ಎತ್ತುತ್ತದೆ. ದೇಹಮಾತ್ರವೂ ಅಶುಚಿಯಾಗಿದ್ದರೆ ಒಂದು ದೇಹ ಮತ್ತೊಂದಕ್ಕಿಂತ ಹೆಚ್ಚು ಅಶುಚಿ ಹೇಗಾದೀತು? ಜೈನ ತತ್ತ್ವದ ಒಳಗಿನಿಂದಲೇ ಕೇಳಬಹುದಾದ ಈ ಪ್ರಶ್ನೆಗೆ ಆಚಾರ್ಯರ ಬದುಕಿನಲ್ಲಿ ಉತ್ತರ ದೊರೆಯುವುದಿಲ್ಲ. ಪರಂಪರೆಯನ್ನು ಅಕ್ಷರಶಃ ಪುನರುಜ್ಜೀವಿಸಿದವರು ಅದರ ಎಲ್ಲೆಗಳನ್ನೂ ಪುನರುಜ್ಜೀವಿಸಿದರೆಂಬುದನ್ನು ಗೌರವದಿಂದಲೇ ಗುರುತಿಸಬೇಕಾಗುತ್ತದೆ.

6. ತಾಮ್ರದ ಮೈ

ಸ್ವದೇಹದ ವಿಷಯದಲ್ಲಿ ನಿರ್ಮೋಹಿಯಾಗಿದ್ದ ಆಚಾರ್ಯರು ಗ್ರಂಥಗಳ ದೇಹದ ವಿಷಯದಲ್ಲಿ ಅಷ್ಟೇ ಕಾತರರಾಗಿದ್ದರು. ದಿಗಂಬರ ಆಗಮದ ಮೂಲಾಧಾರವಾದ ಷಟ್ಖಂಡಾಗಮ, ಕಷಾಯಪ್ರಾಭೃತಗಳು ಹಾಗೂ ಅವುಗಳ ಧವಲಾ, ಜಯಧವಲಾ ಟೀಕೆಗಳು ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಹಳಗನ್ನಡ ಲಿಪಿಯ ತಾಳೆಗರಿಗಳಲ್ಲಿ ಉಳಿದುಬಂದಿದ್ದವು. ಧವಲಾ ಟೀಕೆಯ ಮುದ್ರಣ 1939ರಲ್ಲಿ ಡಾ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಆರಂಭವಾಗಿತ್ತು. ಮಹಾಧವಲವೆಂದು ಪ್ರಸಿದ್ಧವಾದ ಮಹಾಬಂಧದ ಗರಿಗಳಲ್ಲಿ ಸಾವಿರಾರು ಶ್ಲೋಕಗಳಷ್ಟು ಭಾಗ ಹುಳುಗಳ ಪಾಲಾಗಿದೆಯೆಂಬ ವಾರ್ತೆ 1940ರ ದಶಕದಲ್ಲಿ ಆಚಾರ್ಯರನ್ನು ತಲುಪಿತು. ಅವರ ಪ್ರೇರಣೆಯಿಂದ ಶ್ರಾವಕರು ಜಿನವಾಣಿಯ ಜೀರ್ಣೋದ್ಧಾರಕ್ಕಾಗಿ ಸಂಸ್ಥೆಯೊಂದನ್ನು ಕಟ್ಟಿ, ಈ ಸಿದ್ಧಾಂತ ಗ್ರಂಥಗಳನ್ನು ತಾಮ್ರಪಟಗಳ ಮೇಲೆ ಕೆತ್ತಿಸಿ ಫಲಟಣದಲ್ಲಿ ಸಂರಕ್ಷಿಸಿದರು.

ತಾಳೆಗರಿಯೂ ಒಂದು ಔದಾರಿಕ ಶರೀರವೇ. ಹುಳು ತಿನ್ನುತ್ತದೆ, ಕಾಲ ಕೊಳೆಸುತ್ತದೆ. ಅರ್ಥವು ನಿಲ್ಲಲು ಒಂದು ಮೈ ಬೇಕು, ಆ ಮೈ ಕೆಲಸಕ್ಕೆ ಬಾರದಾದಾಗ ಬೇರೊಂದು ಮೈಯನ್ನು ಒದಗಿಸಬೇಕು. ತಮ್ಮ ದೇಹದ ಬಗೆಗೂ ಅವರ ನಿಲುವು ಇದಕ್ಕಿಂತ ಭಿನ್ನವಾಗಿರಲಿಲ್ಲ.

7. ಕುಂಥಲಗಿರಿಯ ಮೂವತ್ತಾರು ದಿನಗಳು

1950ರ ದಶಕದ ನಡುವೆ ಆಚಾರ್ಯರ ಕಣ್ಣಿನ ಶಕ್ತಿ ಕುಂದತೊಡಗಿತು. ಲೌಕಿಕರಿಗೆ ಇದು ಮುಪ್ಪಿನ ಸಾಮಾನ್ಯ ತೊಂದರೆ. ಮುನಿಗೆ ಹಾಗಲ್ಲ. ಈರ್ಯಾ ಸಮಿತಿಯಂತೆ ಆತನು ಮುಂದಿನ ನಾಲ್ಕು ಮೊಳ ನೆಲವನ್ನು ನೋಡಿ ಕಾಲಿಡಬೇಕು. ಏಷಣಾ ಸಮಿತಿಯಂತೆ ಅಂಗೈಯಲ್ಲಿ ಬಿದ್ದ ಆಹಾರವನ್ನು ಪರೀಕ್ಷಿಸಿ ಉಣ್ಣಬೇಕು. ಕಣ್ಣು ಕಾಣದಾದರೆ ಪ್ರತಿ ಹೆಜ್ಜೆಯೂ ಪ್ರತಿ ತುತ್ತೂ ಸೂಕ್ಷ್ಮ ಜೀವಿಗಳ ಹಿಂಸೆಗೆ ಕಾರಣವಾಗಬಹುದು. ಯಾವ ಉಪಕರಣದಿಂದ ಅಹಿಂಸೆಯನ್ನು ಸಾಧಿಸಬೇಕಿತ್ತೋ ಅದೇ ಉಪಕರಣ ಹಿಂಸೆಯ ಸಾಧನವಾಗುವ ಗಳಿಗೆ ಅದು.

ಈ ಗಳಿಗೆಗಾಗಿ ಜೈನ ಶಾಸ್ತ್ರ ಸಲ್ಲೇಖನವನ್ನು ವಿಧಿಸಿದೆ. ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರವು ಪರಿಹಾರವಿಲ್ಲದ ಉಪಸರ್ಗ, ದುರ್ಭಿಕ್ಷ, ಮುಪ್ಪು ಮತ್ತು ರೋಗಗಳ ಸಂದರ್ಭದಲ್ಲಿ ಧರ್ಮಕ್ಕಾಗಿ ದೇಹವನ್ನು ಬಿಡುವುದನ್ನು ಸಲ್ಲೇಖನವೆಂದು ನಿರೂಪಿಸುತ್ತದೆ. ಅದರಲ್ಲಿ ಕಾಯವನ್ನು ಕೃಶಗೊಳಿಸುವುದು ಹೊರಗಿನ ಕ್ರಿಯೆ. ಕಷಾಯಗಳನ್ನು, ಎಂದರೆ ಕ್ರೋಧ ಮಾನ ಮಾಯಾ ಲೋಭಗಳನ್ನು ಕೃಶಗೊಳಿಸುವುದು ಒಳಗಿನ ಕ್ರಿಯೆ. ಎರಡನೆಯದಿಲ್ಲದೆ ಮೊದಲನೆಯದಕ್ಕೆ ಬೆಲೆಯಿಲ್ಲ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಗಳ ಮೇಲೆ ಏಳನೆಯ ಶತಮಾನದಿಂದಲೇ ಇಂಥ ಮರಣಗಳ ದಾಖಲೆಗಳು ಕನ್ನಡದಲ್ಲಿ ದೊರೆಯುತ್ತವೆ.

ಕುಲಭೂಷಣ ಮತ್ತು ದೇಶಭೂಷಣ ಮುನಿಗಳು ಮುಕ್ತಿ ಪಡೆದ ಸ್ಥಳವೆಂದು ನಂಬಲಾದ ಕುಂಥಲಗಿರಿಯು ಮಹಾರಾಷ್ಟ್ರದ ಇಂದಿನ ಧಾರಾಶಿವ ಜಿಲ್ಲೆಯಲ್ಲಿದೆ. ಅಲ್ಲಿ 1955ರ ಆಗಸ್ಟ್ 14ರಂದು ಶಾಂತಿಸಾಗರರು ಆಹಾರವನ್ನು ತ್ಯಜಿಸಿ ಸಲ್ಲೇಖನವನ್ನು ಆರಂಭಿಸಿದರು. ಕೆಲ ಕಾಲ ಆಗಾಗ ನೀರನ್ನು ಮಾತ್ರ ಸ್ವೀಕರಿಸಿ, ಸೆಪ್ಟೆಂಬರ್ ಮೊದಲ ವಾರದ ನಂತರ ಅದನ್ನೂ ಬಿಟ್ಟರು. ಆಗಸ್ಟ್ 26ರಂದು ಆಚಾರ್ಯ ಪದವಿಯನ್ನು ಜಯಪುರದಲ್ಲಿದ್ದ ಶಿಷ್ಯ ವೀರಸಾಗರರಿಗೆ ವಹಿಸಿದರು. ಸೆಪ್ಟೆಂಬರ್ 8ರಂದು ಮರಾಠಿಯಲ್ಲಿ ನೀಡಿದ ಕೊನೆಯ ಉಪದೇಶವನ್ನು ಧ್ವನಿಮುದ್ರಿಸಿಕೊಳ್ಳಲಾಯಿತು. ಆತ್ಮಚಿಂತನೆಯನ್ನು ಬಿಡಬಾರದು, ಸಂಯಮವನ್ನು ಧರಿಸಲು ಅಂಜಬಾರದು ಎಂಬುದು ಅದರ ತಾತ್ಪರ್ಯ. ಇಪ್ಪತ್ತಾರು ದಿನಗಳ ನಿರಾಹಾರದ ಬಳಿಕವೂ ಆ ಮಾತುಗಳಲ್ಲಿ ದೇಹದ ಬಗೆಗೆ ದೂರಾಗಲಿ ದ್ವೇಷವಾಗಲಿ ಇರಲಿಲ್ಲ. ಸೆಪ್ಟೆಂಬರ್ 18ರ ಭಾನುವಾರ ಬೆಳಿಗ್ಗೆ, ಮೂವತ್ತಾರನೆಯ ದಿನ, ಅವರ ಸಮಾಧಿಮರಣ ಸಂಭವಿಸಿತು.

ಸಲ್ಲೇಖನವು ಆತ್ಮಹತ್ಯೆಯೇ ಎಂಬ ಚರ್ಚೆ ಅನಂತರದ ಕಾಲದಲ್ಲಿ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು. 2015ರ ಆಗಸ್ಟ್ 10ರಂದು ರಾಜಸ್ಥಾನ ಉಚ್ಚ ನ್ಯಾಯಾಲಯವು ಅದನ್ನು ದಂಡನೀಯವೆಂದು ಪರಿಗಣಿಸಿತು. ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯ ಆ ತೀರ್ಪಿಗೆ ತಡೆ ನೀಡಿತು. ಬದುಕುವ ಹಕ್ಕು ಮತ್ತು ವೃದ್ಧರ ಮೇಲೆ ಸಮುದಾಯವು ಹೇರಬಹುದಾದ ಒತ್ತಡ ಕುರಿತ ಆತಂಕಗಳನ್ನು ತಳ್ಳಿಹಾಕುವಂತಿಲ್ಲ. ಶಾಂತಿಸಾಗರರ ಪ್ರಕರಣದಲ್ಲಿ ಮಾತ್ರ ಕಾರಣ ನಿಚ್ಚಳವಾಗಿದೆ. ಬದುಕು ಸಾಕಾಯಿತೆಂಬ ಹತಾಶೆಯಿಂದ ಅವರು ದೇಹವನ್ನು ಬಿಡಲಿಲ್ಲ. ಇನ್ನೊಂದು ಜೀವಕ್ಕೆ ನೋವಾಗದಂತೆ ಬದುಕಲು ಆ ದೇಹದಿಂದ ಇನ್ನು ಸಾಧ್ಯವಿಲ್ಲವೆಂಬ ನಿರ್ಣಯ ಅವರದು.

8. ಸಮಾರೋಪ

ಆಚಾರ್ಯರ ತರುವಾಯ ಅವರ ಪರಂಪರೆಯು ಮತ್ತೆ ಇದೇ ಸೀಮೆ ಹೆತ್ತ ಮಕ್ಕಳಿಂದ ವಿಸ್ತರಿಸಿತು. ಅವರ ಅಣ್ಣ ದೇವಗೌಡರು ವರ್ಧಮಾನಸಾಗರರಾದರು. ಚಿಕ್ಕೋಡಿ ಸೀಮೆಯ ಕೋಥಳಿಯಲ್ಲಿ ಹುಟ್ಟಿದ ದೇಶಭೂಷಣರು, ಕಾಗವಾಡ ಸೀಮೆಯ ಶೇಡಬಾಳದವರಾದ ವಿದ್ಯಾನಂದರು (1925–2019), ಸದಲಗಾದಲ್ಲಿ ಬೆಳೆದ ವಿದ್ಯಾಸಾಗರರು (1946–2024) ಎಲ್ಲರೂ ಗುರುಶಿಷ್ಯ ಸಂಬಂಧದ ಒಂದಲ್ಲ ಒಂದು ಎಳೆಯಿಂದ ಭೋಜದ ಸಾತಗೌಡರಿಗೆ ಬೆಸೆದುಕೊಂಡಿದ್ದಾರೆ. ವಿದ್ಯಾಸಾಗರರು 2024ರ ಫೆಬ್ರವರಿ 18ರಂದು ಛತ್ತೀಸಗಢದ ಡೋಂಗರಗಢದಲ್ಲಿ ಸಲ್ಲೇಖನ ವಿಧಿಯಿಂದಲೇ ದೇಹವನ್ನು ಬಿಟ್ಟರು.

ಒಟ್ಟಾರೆಯಾಗಿ, ಶಾಂತಿಸಾಗರರ ಜೀವನದಿಂದ ದೇಹ ಮತ್ತು ಪರಿಪೂರ್ಣತೆಗಳ ಬಗೆಗೆ ಮೂರು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಅವರ ಪಾಲಿಗೆ ದೇಹವು ಶತ್ರುವೂ ಅಲ್ಲ, ದೇವಾಲಯವೂ ಅಲ್ಲ. ಲೆಕ್ಕ ಒಪ್ಪಿಸಬೇಕಾದ ಒಂದು ಉಪಕರಣ. ಎರಡನೆಯದಾಗಿ, ಈ ಜನ್ಮದಲ್ಲಿ ದೊರೆಯದ ಪರಿಪೂರ್ಣತೆಯು ಅವರನ್ನು ನಿರಾಶೆಗೆ ದೂಡದೆ ಪ್ರತಿದಿನದ ನಡತೆಯ ಪರಿಪೂರ್ಣತೆಯತ್ತ ತಿರುಗಿಸಿತು. ಮೂರನೆಯದಾಗಿ, ಮನುಷ್ಯದೇಹದ ಈ ಮಹತ್ವ ಎಲ್ಲ ಮನುಷ್ಯರಿಗೂ ಸಮನಾಗಿ ಸಲ್ಲುತ್ತದೆಯೇ ಎಂಬ ಪ್ರಶ್ನೆಯನ್ನು ಅವರ ಕಾಲ ಪೂರ್ತಿಯಾಗಿ ಎದುರಿಸಲಿಲ್ಲ; ಆ ಹೊಣೆ ಅನಂತರದವರ ಮೇಲಿದೆ. ಕಪಿಲೆ ಎಳೆದ ತೋಳು, ನದಿ ದಾಟಿಸಿದ ಹೆಗಲು, ದೇಶವನ್ನು ಅಳೆದ ಕಾಲು, ಕೊನೆಗೆ ನೆಲ ಕಾಣದಾದ ಕಣ್ಣು: ಇವುಗಳ ಮೂಲಕವೇ ಅವರ ದರ್ಶನ ಲೋಕಕ್ಕೆ ತಿಳಿಯಿತು. ದೇಹದಿಂದ ಆತ್ಮ ಬೇರೆಯೆಂದು ಸಾರಿದ ಆ ಬದುಕನ್ನು ಅರಿಯಲು ಇಂದಿಗೂ ಆ ದೇಹದ ಕಥೆಯನ್ನೇ ಓದಬೇಕಾಗಿದೆ.